68 ನಾಕೌಟ್ ಇದ್ದೂ ಪಟ್ಟ ಯಾಕೆ ಸಿಗಲಿಲ್ಲ? ಅರ್ನಿ ಶೇವರ್ಸ್ ಬಗ್ಗೆ ಒಂದು ಜಗಳ

ಪಿಜೆ ಬಡಾವಣೆ ಹುಡುಗ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಳೇ ಹೆವಿವೇಯ್ಟ್ ಬಾಕ್ಸರ್ ಅರ್ನಿ ಶೇವರ್ಸ್ ವಿಷಯಕ್ಕೆ ಇಲ್ಲಿ ದಾವಣಗೆರೆ ಕಟ್ಟೆ ಮೇಲೆ ಎರಡು ಬಣ ಆಗಿದೆ. 74 ಗೆಲುವು, ಅದರಲ್ಲಿ 68 ನಾಕೌಟ್. ಅವನ ಕೈಯಲ್ಲಿ ಏಟು ತಿಂದವರೇ ಇಂಥ ಏಟು ಬೇರೆ ಯಾರದ್ದೂ ಇಲ್ಲ ಅಂತ ಒಪ್ಪಿಕೊಂಡಿದ್ದಾರೆ. ಆದ್ರೂ ವಿಶ್ವ ಚಾಂಪಿಯನ್ ಪಟ್ಟ ಒಂದು ದಿನವೂ ಸೊಂಟಕ್ಕೆ ಬರಲಿಲ್ಲ. ಒಂದು ಬಣ ಹೇಳೋದು, ಹುಟ್ಟಿದ ಕಾಲ ಸರಿ ಇರಲಿಲ್ಲ, ಮಹಮ್ಮದ್ ಅಲಿ, ಫೋರ್‌ಮನ್, ನಾರ್ಟನ್, ಹೋಮ್ಸ್ ಎಲ್ಲಾ ಒಂದೇ ಸಲ ಇದ್ದರು ಅಂತ. ಇನ್ನೊಂದು ಬಣ ಹೇಳೋದು, ಬಲಗೈ ಒಂದು ಬಿಟ್ರೆ ಅವನತ್ರ ಏನೂ ಇರಲಿಲ್ಲ ಅಂತ. ಯಾವುದು ಸರಿ?

ಇನ್ನೊಂದು ಸಣ್ಣ ಪ್ರಶ್ನೆ. 4 ಅಡಿ ಉದ್ದದ ಖಾಲಿ ಪಂಚಿಂಗ್ ಬ್ಯಾಗ್‌ಗೆ ಏನು ತುಂಬಿಸಬೇಕು? ಎಲ್ಲರೂ ಮರಳು ಅಂತಿದ್ದಾರೆ.

ದುರ್ಗದ ಒನಕೆ
ಮರಳು ತುಂಬಿಸಿ ಹೊಡಿ ತಮ್ಮಾ, ಆಮೇಲೆ ಮೂಳೆ ಡಾಕ್ಟ್ರ ಹತ್ರ ಹೋಗಿ ಪ್ರಶ್ನೆ ಕೇಳು.

ಲೆಕ್ಕದ ಮೇಷ್ಟ್ರು
ಮೊದಲು ಲೆಕ್ಕ ಸರಿ ಮಾಡೋಣ. 74 ಗೆಲುವು, 14 ಸೋಲು, 1 ಡ್ರಾ ಅನ್ನೋದು ಹಳೇ ಲೆಕ್ಕ. 76 ಗೆಲುವು, 70 ನಾಕೌಟ್ ಅಂತಲೂ ಒಂದು ಲೆಕ್ಕ ಓಡಾಡ್ತಿದೆ. ಸೋಲು ಎರಡರಲ್ಲೂ 14.

ಗೆಲುವಿನಲ್ಲಿ ನಾಕೌಟ್ ಎಷ್ಟು ಅಂತ ನೋಡಿದ್ರೆ 74ಕ್ಕೆ 68, ಅಂದ್ರೆ ಶೇ. 92. ಕೇಳೋಕೆ ಚೆಂದ. ಆಡಿದ ಒಟ್ಟು 89 ಪಂದ್ಯದಿಂದ ಭಾಗಿಸಿ ನೋಡಿ, ಶೇ. 76ಕ್ಕೆ ಇಳಿಯುತ್ತೆ. ಜಾರ್ಜ್ ಫೋರ್‌ಮನ್‌ದೂ ಸರಿಯಾಗಿ 68 ನಾಕೌಟೇ. ಆದರೆ 76 ಗೆದ್ದು ಸೋತಿದ್ದು ಬರೀ 5. ಅವನದ್ದು ಶೇ. 84. ನಾಕೌಟ್ ಸಂಖ್ಯೆ ಒಂದೇ, ಕೈಗೆ ಸಿಕ್ಕಿದ್ದು ಬೇರೆ. ನಿಮ್ಮ ಪ್ರಶ್ನೆಗೆ ಉತ್ತರ ಆ 14ರಲ್ಲಿದೆ, 68ರಲ್ಲಿ ಹುಡುಕಬೇಡಿ.

ಗರಡಿ ಮಣ್ಣು
ಆ 68ರಲ್ಲಿ ಬಹಳಷ್ಟು ಜನ ಸಣ್ಣಪುಟ್ಟ ಊರಿನ ಪೈಲ್ವಾನರು. ನಮ್ಮ ಜಾತ್ರೆ ಕುಸ್ತಿಯಲ್ಲಿ ಕೊಬ್ಬರಿ ಜೋಡಿಗೆ ಇಳಿಸ್ತಾರಲ್ಲ ಹುಡುಗರನ್ನ, ಹಂಗೆ. ದೊಡ್ಡ ಜೋಡಿ ಬಂದಾಗ ಏನಾಯ್ತು ಅದನ್ನ ಹೇಳ್ರಿ.

ಎಡಗೈ ಮುಂದೆ
ದೊಡ್ಡ ಜೋಡಿ ಬಂದಾಗಲೂ ಹೊಡೆದಿದ್ದಾನೆ ಅಣ್ಣಾ. 1973 ಜೂನ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಿಮ್ಮಿ ಎಲ್ಲಿಸ್ ಮೊದಲ ಸುತ್ತಿನಲ್ಲೇ ಮಲಗಿದ. ಎಲ್ಲಿಸ್ ಹಿಂದೆ ಡಬ್ಲ್ಯುಬಿಎ (ವಿಶ್ವ ಪಟ್ಟ ಕೊಡೋ ಸಂಸ್ಥೆಗಳಲ್ಲೊಂದು) ಚಾಂಪಿಯನ್ ಆಗಿದ್ದವನು. 1979 ಮಾರ್ಚ್ 23ಕ್ಕೆ ಕೆನ್ ನಾರ್ಟನ್, ಅವನೂ ಮೊದಲ ಸುತ್ತು. ಅಲಿಯ ದವಡೆ ಮುರಿದ ನಾರ್ಟನ್ ಎರಡು ನಿಮಿಷವೂ ನಿಲ್ಲಲಿಲ್ಲ. ಇದನ್ನ ಕೊಬ್ಬರಿ ಜೋಡಿ ಅಂದ್ರೆ ಹೆಂಗೆ?

ಗರಡಿ ಮಣ್ಣು
ಅದೇ 1973ರ ಡಿಸೆಂಬರ್‌ನಲ್ಲಿ ಅದೇ ಗಾರ್ಡನ್‌ನಲ್ಲಿ ಜೆರ್ರಿ ಕ್ವಾರಿ ಕೈಲಿ ಇವನೇ ಮೊದಲ ಸುತ್ತಿನಲ್ಲಿ ಮಲಗಿದ್ದನ್ನ ಯಾಕೆ ಬಿಟ್ಟೆ?

ಎಡಗೈ ಮುಂದೆ
ಬಿಟ್ಟಿಲ್ಲ, ಬರ್ತಿದ್ದೆ 😀

ಕಟ್ಟು ಬಿಗಿ
ಜಗಳ ಮಾಡುವವರು ಮಾಡ್ತಿರಿ. ಬ್ಯಾಗ್ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ಮೊದಲು ಕೈ ಮುರಿಯೋದು ಅದರಲ್ಲಿ.

ಬರೀ ಮರಳು ಬೇಡ. 4 ಅಡಿ ಚೀಲಕ್ಕೆ ಪೂರ್ತಿ ಮರಳು ಹಾಕಿದ್ರೆ ತೂಕ 100 ಕೆಜಿ ದಾಟುತ್ತೆ, ನೇತಾಡಿಸೋ ಕೊಂಡಿಯೇ ಕಿತ್ತು ಬರುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ ಮರಳು ದಿನಾ ಕೆಳಗೆ ಇಳೀತಾ ಹೋಗುತ್ತೆ. ಮೇಲಿನ ಒಂದಡಿ ಪೊಳ್ಳು, ಕೆಳಗಿನ ಒಂದೂವರೆ ಅಡಿ ಕಲ್ಲು. ಹೊಟ್ಟೆಗೆ ಅಂತ ಹುಕ್ (ಪಕ್ಕದಿಂದ ಬಳಸಿ ಬರೋ ಏಟು) ಹಾಕಿದಾಗ ಕೈ ಹೋಗೋದು ಆ ಕಲ್ಲಿಗೆ. ಮರದ ಪುಡಿಯೂ ಬೇಡ, ಮಳೆಗಾಲದಲ್ಲಿ ತೇವ ಹೀರಿ ಇಟ್ಟಿಗೆ ಆಗುತ್ತೆ. ಮಂಡಕ್ಕಿ ಭಟ್ಟಿ ಹತ್ರ ಪುಕ್ಕಟೆ ಸಿಗುತ್ತೆ ಅಂತ ಭತ್ತದ ಹೊಟ್ಟು ತುಂಬಿಸೋರೂ ಇದ್ದಾರೆ. ಹೊಲಿಗೆ ಸಂದಿಯಿಂದ ದೂಳು ಬರ್ತಾನೇ ಇರುತ್ತೆ, ತೂಕವೂ ಬರಲ್ಲ.

ಬಟ್ಟೆ ಚೂರು ತುಂಬಿಸಿ. ಟೈಲರ್ ಅಂಗಡಿಗಳ ಹತ್ರ ಮೂಟೆಗಟ್ಟಲೆ ಬಿದ್ದಿರುತ್ತೆ. ಗುಂಡಿ, ಜಿಪ್, ಹುಕ್ಕು ಒಂದನ್ನೂ ಬಿಡದೆ ಕತ್ತರಿಸಿ ತೆಗೀರಿ. ದೊಡ್ಡ ತುಂಡು ಇದ್ರೆ ಅಂಗೈ ಅಗಲಕ್ಕೆ ಹರಿದುಕೊಳ್ಳಿ, ಉದ್ದ ಬಟ್ಟೆ ಗಂಟು ಕಟ್ಟಿಕೊಂಡು ಉಂಡೆ ಆಗುತ್ತೆ. ಅರ್ಧ ಅಡಿ ತುಂಬಿಸಿದ ಮೇಲೆ ಒಂದು ಸಲ ಚೆನ್ನಾಗಿ ಜಡೀಬೇಕು. ಕೈಲಿ ಒತ್ತಿದ್ರೆ ಸಾಲಲ್ಲ, ಒನಕೆ ತರದ ಮರದ ತುಂಡು ಬೇಕು.

ದುರ್ಗದ ಒನಕೆ
ಕೊನೆಗೂ ನನ್ನ ಹೆಸರು ಬಂತು.

ಕಟ್ಟು ಬಿಗಿ
😂 ಬಂತು. ಮುಂದುವರಿಸ್ತೀನಿ. ಬರೀ ಬಟ್ಟೆ ತುಂಬಿದ್ರೆ 4 ಅಡಿ ಚೀಲ 25ರಿಂದ 30 ಕೆಜಿ ಬರಬಹುದು. ಹೊಡೆಯೋನ ತೂಕದ ಅರ್ಧ ಇದ್ರೆ ಸಾಕು, ಹಾಗಾಗಿ 70 ಕೆಜಿ ಮನುಷ್ಯನಿಗೆ 35 ಕೆಜಿ. ಕಮ್ಮಿ ಬಿದ್ದ ತೂಕಕ್ಕೆ ಮರಳು ಹಾಕಬಹುದು, ಆದರೆ ಒಂದೊಂದು ಕೆಜಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಎರಡು ಸಲ ಟೇಪ್ ಸುತ್ತಿ, ಚೀಲದ ನಟ್ಟನಡುವೆ ಬೇರೆಬೇರೆ ಎತ್ತರದಲ್ಲಿ ಇಡಿ. ಸುತ್ತಲೂ ಕನಿಷ್ಠ ನಾಲ್ಕು ಬೆರಳು ದಪ್ಪ ಬಟ್ಟೆ ಇರಬೇಕು. ಅಂಚಿಗೆ ಬಂದ್ರೆ ಗೆಣ್ಣಿಗೆ ತಾಗುತ್ತೆ. ಒಂದು ವಾರ ಹೊಡೆದ ಮೇಲೆ ಎರಡು ಮೂರು ಇಂಚು ಇಳಿಯುತ್ತೆ, ಮತ್ತೆ ಮೇಲೆ ತುಂಬಿಸಿ.

ನೇತು ಹಾಕೋದು ಆರ್‌ಸಿಸಿ ಬೀಮಿಗೆ. ಹಳೇ ಮನೆ ಕಲ್ಲುಚಪ್ಪಡಿ ಮಾಡಿಗೆ ದಯವಿಟ್ಟು ಬೇಡ. ತೂಗಾಡೋ ಭಾರ ಸುಮ್ಮನೆ ನಿಂತ ಭಾರದ ತರ ಅಲ್ಲ, ಜಗ್ಗಿ ಜಗ್ಗಿ ಚಪ್ಪಡಿ ಸೀಳುತ್ತೆ.

ಮಂಡಕ್ಕಿ ಮಿರ್ಚಿ
ಪ್ರಶ್ನೆ ಶೇವರ್ಸ್‌ದು, ಉತ್ತರ ಟೈಲರ್ ಅಂಗಡಿದು. ನಮ್ಮ ಊರು ಅಂದ್ರೆ ಇದೇ.

ಲೆಕ್ಕದ ಮೇಷ್ಟ್ರು
ವಾಪಸ್ ಬರೋಣ. ಶೇವರ್ಸ್ ಹುಟ್ಟಿದ್ದು 1944 ಆಗಸ್ಟ್ 31, ಅಲಬಾಮಾದ ಗಾರ್ಲೆಂಡ್‌ನಲ್ಲಿ. ಗ್ಲೌಸ್ ಹಾಕಿದ್ದೇ 22ನೇ ವಯಸ್ಸಿಗೆ. 1969ರಲ್ಲಿ ಅಮೆಚೂರ್ ರಾಷ್ಟ್ರೀಯ ಹೆವಿವೇಯ್ಟ್ ಗೆದ್ದು ಅದೇ ವರ್ಷ ಪ್ರೊಫೆಷನಲ್ ಆದ. ಅಂದ್ರೆ ಕಲಿಯೋಕೆ ಸಿಕ್ಕಿದ್ದು ಎರಡು ಮೂರು ವರ್ಷ. ಅಲಿ 12ನೇ ವಯಸ್ಸಿಗೆ ಶುರು ಮಾಡಿದವನು.

ತಡವಾಗಿ ಬಂದವನಿಗೆ ಜೋರು ಏಟು ಇದ್ರೆ ಅದೇ ಶಾಪ. ಎದುರಾಳಿ ಎರಡನೇ ಸುತ್ತಿಗೇ ಬೀಳ್ತಾನೆ, ಆರನೇ ಸುತ್ತಿನಲ್ಲಿ ಏನು ಮಾಡಬೇಕು ಅಂತ ಕಲಿಯೋ ಅವಕಾಶವೇ ಬರಲ್ಲ. ಈಚಿನ ಹೆವಿವೇಯ್ಟ್ ಡಿಯೋಂಟೇ ವೈಲ್ಡರ್‌ದೂ ಇದೇ ಕಥೆ. 20ಕ್ಕೆ ಶುರು ಮಾಡಿ, 2008 ಬೀಜಿಂಗ್‌ನಲ್ಲಿ ಕಂಚು, ಆಮೇಲೆ ಮೊದಲ 32 ಪಂದ್ಯ 32 ನಾಕೌಟ್. ಒಂದೂ ನಾಲ್ಕನೇ ಸುತ್ತು ದಾಟಲಿಲ್ಲ.

ಹರಿಹರದ ಹೊಳೆ
ಬೀಜಿಂಗ್‌ನಲ್ಲಿ ನಮ್ಮ ವಿಜೇಂದರ್ ಸಿಂಗ್‌ಗೂ ಕಂಚು ಬಂದಿದ್ದು, 75 ಕೆಜಿಯಲ್ಲಿ. ಅದೇ ಒಲಿಂಪಿಕ್ಸ್.

ಎಡಗೈ ಮುಂದೆ
ಮೇಷ್ಟ್ರೇ, ವೈಲ್ಡರ್ ಉದಾಹರಣೆ ನಿಮ್ಮ ವಾದವನ್ನೇ ಮುರಿಯುತ್ತೆ. 2015 ಜನವರಿ 17ಕ್ಕೆ ಬರ್ಮೇನ್ ಸ್ಟಿವರ್ನ್ ಮೇಲೆ ಡಬ್ಲ್ಯುಬಿಸಿ ಅನ್ನೋ ಇನ್ನೊಂದು ಸಂಸ್ಥೆಯ ವಿಶ್ವ ಪಟ್ಟ ಗೆದ್ದಿದ್ದು ನಾಕೌಟ್‌ನಿಂದ ಅಲ್ಲ, ಅಂಕದ ಮೇಲೆ. ಪೂರ್ತಿ 12 ಸುತ್ತು ನಿಂತು, ಉದ್ದ ಎಡಗೈ ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಏಟು) ಹಾಕಿ ಹಾಕಿ ಗೆದ್ದ. ಅದೇ ಪಂದ್ಯದಲ್ಲಿ ಬಲಗೈ ಪೆಟ್ಟಾಗಿತ್ತು. ನಾಲ್ಕು ಸುತ್ತು ದಾಟದವನೂ 12 ಆಡಬಲ್ಲ ಅಂತಾಯ್ತಲ್ಲ?

ಲೆಕ್ಕದ ಮೇಷ್ಟ್ರು
ಆಡಬಲ್ಲ. ಆದರೆ ಬಲಗೈ ಕೆಟ್ಟಾಗ ಮಾತ್ರ ಜ್ಯಾಬ್ ನೆನಪಾಗಿದ್ದು ನೋಡಿ! ಕೈ ವಾಸಿ ಆದ ಮೇಲೆ ಮತ್ತೆ ಅದೇ ಒಂದು ಏಟಿಗೆ ಕಾಯೋ ಆಟ. 2018ರಲ್ಲಿ ಟೈಸನ್ ಫ್ಯೂರಿ ಹತ್ರ ಒಂಬತ್ತನೇ ಸುತ್ತು, ಹನ್ನೆರಡನೇ ಸುತ್ತು ಎರಡು ಸಲ ಕೆಡವಿಯೂ ಡ್ರಾ. ಎರಡು ಸುತ್ತು ಬಿಟ್ಟು ಉಳಿದಿದ್ದರಲ್ಲಿ ಬಹುಪಾಲು ಫ್ಯೂರಿ ಪಾಲಾಗಿತ್ತು. 2020ರಲ್ಲಿ ಏಳನೇ ಸುತ್ತಿಗೆ, 2021ರಲ್ಲಿ ಹನ್ನೊಂದನೇ ಸುತ್ತಿಗೆ ಸೋತ. ಶೇವರ್ಸ್‌ಗೆ ಆ ಜ್ಯಾಬ್ ಕೂಡ ಇರಲಿಲ್ಲ.

ಗರಡಿ ಮಣ್ಣು
ಇದಪ್ಪ ಮಾತು.

ಅಗಸನಕಟ್ಟೆ
ಏಟಿನ ಜೋರು ಹುಟ್ಟಿನಿಂದ ಬರುತ್ತೋ, ಕಲಿತು ಬರುತ್ತೋ? ತೋಳು ದಪ್ಪ ಮಾಡಿದ್ರೆ ಬರಲ್ವಾ?

ಕಟ್ಟು ಬಿಗಿ
ತೋಳಿನಿಂದ ಬರಲ್ಲ. ಬಲಗೈ ನೇರ ಏಟು ನೋಡಿ, ಶುರುವಾಗೋದು ಹಿಂದಿನ ಪಾದದ ಮುಂಭಾಗ ನೆಲ ಒತ್ತಿದಾಗ. ಹಿಮ್ಮಡಿ ಹೊರಗೆ ತಿರುಗುತ್ತೆ, ಮೊಣಕಾಲು ಒಳಕ್ಕೆ, ಸೊಂಟ ತಿರುಗುತ್ತೆ, ಆಮೇಲೆ ಭುಜ, ಕೊನೆಗೆ ಕೈ. ಕೈ ದಾರಿಯುದ್ದಕ್ಕೂ ಸಡಿಲ ಇರಬೇಕು, ಮುಷ್ಟಿ ಬಿಗಿಯೋದು ತಾಗೋ ಕ್ಷಣಕ್ಕೆ ಮಾತ್ರ. ಮೊದಲಿಂದಲೇ ಬಿಗಿ ಹಿಡಿದ್ರೆ ಹಿಂದಕ್ಕೆ ಎಳೆಯೋ ಸ್ನಾಯುಗಳೂ ಬಿಗಿದು ಬ್ರೇಕ್ ಹಾಕಿಕೊಂಡು ಗಾಡಿ ಓಡಿಸಿದಂಗೆ ಆಗುತ್ತೆ.

1985ರಲ್ಲಿ ಬ್ರಿಟನ್‌ನಲ್ಲಿ ಹೆವಿವೇಯ್ಟ್ ಬಾಕ್ಸರ್ ಫ್ರಾಂಕ್ ಬ್ರೂನೋ ಏಟು ಅಳೆದಾಗ ಗುರಿಗೆ ತಾಗೋ ಮುಂಚೆ ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ತಾಗಿದಾಗ ಬಲ 4096 ನ್ಯೂಟನ್ ಬಂತು.

ಅಗಸನಕಟ್ಟೆ
4096 ನ್ಯೂಟನ್ ಅಂದ್ರೆ 400 ಕೆಜಿ ಮೇಲೆ ಆಯ್ತಲ್ಲ! ನಾಲ್ಕು ಮೂಟೆ ಭತ್ತಕ್ಕಿಂತ ಜಾಸ್ತಿ!

ಲೆಕ್ಕದ ಮೇಷ್ಟ್ರು
ಲೆಕ್ಕ ಸರಿ, ಹೋಲಿಕೆ ತಪ್ಪು. ಮೂಟೆ ತಲೆ ಮೇಲೆ ಕೂತಿರುತ್ತೆ, ಈ ಬಲ ಕಣ್ಣು ಮಿಟುಕಿಸೋಕೆ ಮುಂಚೆ ಮುಗಿದಿರುತ್ತೆ. ಮನುಷ್ಯ ಬೀಳೋದು ಭಾರಕ್ಕಲ್ಲ. ಗದ್ದಕ್ಕೆ ತಾಗಿದ್ರೆ ತಲೆ ಗಿರಕ್ಕನೆ ತಿರುಗುತ್ತೆ, ಒಳಗಿನ ಮಿದುಳು ಹಿಂದೆ ಉಳಿಯುತ್ತೆ, ಆ ಎಳೆತಕ್ಕೆ ಪ್ರಜ್ಞೆ ಹೋಗುತ್ತೆ. ಅದಕ್ಕೇ ಹಣೆಗೆ ತಿಂದವನು ನಿಲ್ತಾನೆ, ಅದಕ್ಕಿಂತ ಅರ್ಧ ಜೋರಿನ ಏಟು ಗದ್ದದ ತುದಿಗೆ ತಿಂದವನು ಬೀಳ್ತಾನೆ. ಬರ್ತಿರೋದು ಕಂಡ್ರೆ ಕುತ್ತಿಗೆ ತಾನಾಗೇ ಬಿಗಿಯುತ್ತೆ. ಕಾಣದೆ ಬಂದ ಏಟೇ ಮಲಗಿಸೋದು.

ಗರಡಿ ಮಣ್ಣು
ಕುತ್ತಿಗೆ ಅಂದಿರಲ್ಲ, ಅಲ್ಲೇ ನಮ್ಮ ಗರಡಿ ಬರೋದು. ಸೇತುವೆ ಕಟ್ಟೋ ವ್ಯಾಯಾಮ, ಜೋಡಿದಾರನ ತೋಳು ಕುತ್ತಿಗೆ ಮೇಲೆ ಹಾಕಿ ಎಳೆಯೋದು, ಸಾವಿರ ಬಸ್ಕಿ, ಗದೆ ತಿರುಗಿಸೋದು. ದುಗ್ಗಮ್ಮನ ಜಾತ್ರೆ ಕುಸ್ತಿಗೆ ಇಳಿಯೋ ಹುಡುಗರ ಕುತ್ತಿಗೆ ನೋಡ್ರಿ, ತಲೆ ಎಲ್ಲಿ ಮುಗೀತು ಹೆಗಲು ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಬಾಕ್ಸಿಂಗ್‌ಗೆ ಇದಕ್ಕಿಂತ ಒಳ್ಳೇ ತಳಪಾಯ ಏನಿದೆ?

ಎಡಗೈ ಮುಂದೆ
ಕುತ್ತಿಗೆ, ಕಾಲು ಒಪ್ಪಿದೆ. ಆದರೆ ಕುಸ್ತಿ ಹುಡುಗನ ಹೆಗಲು ಮುಂದಕ್ಕೆ ಬಾಗಿ ಬಿಗಿದುಕೊಂಡಿರುತ್ತೆ, ಎಳೆದು ಹಿಡಿಯೋಕೆ ಕಲಿತ ಕೈ ಬಿಟ್ಟು ಎಸೆಯೋಕೆ ಒಪ್ಪಲ್ಲ. ಅವನು ಬ್ಯಾಗ್ ಹೊಡೆದ್ರೆ ಬ್ಯಾಗ್ ಉಯ್ಯಾಲೆ ತರ ದೂರ ಹೋಗಿ ಬರುತ್ತೆ. ಅದು ತಳ್ಳಿದ್ದು, ಹೊಡೆದಿದ್ದಲ್ಲ. ಸರಿಯಾದ ಏಟು ಬಿದ್ರೆ ಬ್ಯಾಗ್ ಇದ್ದಲ್ಲೇ ಮಡಚಿ ನಡುಗುತ್ತೆ, ಮೇಲಿನ ಸರಪಳಿ ಠಕ್ ಅನ್ನುತ್ತೆ.

ಕಟ್ಟು ಬಿಗಿ
ಇದು ನಿಜ. ಅದಕ್ಕೆ ಮದ್ದು: 3 ಕೆಜಿ ಮೆಡಿಸಿನ್ ಬಾಲ್ (ಕಸರತ್ತಿನ ಭಾರದ ಚೆಂಡು) ಗೋಡೆಗೆ ಎಸೆಯೋದು, ಒಂದು ಸಲಕ್ಕೆ ಐದೇ ಎಸೆತ, ಪ್ರತಿಯೊಂದೂ ಪೂರ್ತಿ ಜೋರು, ಆಮೇಲೆ ಎರಡು ನಿಮಿಷ ವಿರಾಮ, ಹೀಗೆ ನಾಲ್ಕು ಸಲ. ಸುಸ್ತಾಗೋ ತನಕ ಎಸೆದ್ರೆ ಅದು ದಮ್ಮಿನ ಕಸರತ್ತಾಗುತ್ತೆ, ಜೋರಿನ ಕಸರತ್ತಲ್ಲ.

ದುರ್ಗದ ಒನಕೆ
ಒನಕೆ ಕುಟ್ಟೋದು ಎಲ್ಲಾ ಕಲಿಸುತ್ತೆ ಸ್ವಾಮಿ. ಎತ್ತುವಾಗ ಸೊಂಟ, ಬಿಡುವಾಗ ಕೈ ಸಡಿಲ, ತಾಗುವಾಗ ಬಿಗಿ. ಓಬವ್ವ ಕಿಂಡಿ ಹತ್ರ ನಿಂತು ಒಬ್ಬೊಬ್ಬರಿಗೆ ಒಂದೊಂದೇ ಕೊಟ್ಟಿದ್ದು, ಯಾರಿಗೂ ಎರಡನೇ ಸುತ್ತು ಬೇಕಾಗಲಿಲ್ಲ. ಬರ್ತಿರೋ ಏಟು ಅವರಿಗೆ ಕಾಣ್ತಲೂ ಇರಲಿಲ್ಲ, ಮೇಷ್ಟ್ರ ಸಿದ್ಧಾಂತ ಪಕ್ಕಾ.

ಮಂಡಕ್ಕಿ ಮಿರ್ಚಿ
ಓಬವ್ವ ಅಜೇಯ. ಡಬ್ಲ್ಯುಬಿಸಿ ಗಮನಿಸಬೇಕು.

ಪಿಜೆ ಬಡಾವಣೆ ಹುಡುಗ
ಸರಿ, ಅಲಿ ಪಂದ್ಯದಲ್ಲಿ ನಿಜಕ್ಕೂ ಏನಾಯ್ತು? ಶೇವರ್ಸ್ ಗೆದ್ದಿದ್ದ, ಜಡ್ಜ್‌ಗಳು ಅಲಿ ಹೆಸರು ನೋಡಿ ಕೊಟ್ಟರು ಅಂತ ಇಲ್ಲೊಬ್ಬರು ಆಣೆ ಮಾಡ್ತಿದ್ದಾರೆ.

ಲೆಕ್ಕದ ಮೇಷ್ಟ್ರು
ಆಣೆ ವಾಪಸ್ ತಗೋಳಕ್ಕೆ ಹೇಳಿ. 1977 ಸೆಪ್ಟೆಂಬರ್ 29, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, 15 ಸುತ್ತು. ಆಗ ನ್ಯೂಯಾರ್ಕ್‌ನಲ್ಲಿ ಯಾರು ಎಷ್ಟು ಸುತ್ತು ಗೆದ್ದರು ಅನ್ನೋ ಲೆಕ್ಕ. ಇಬ್ಬರು 9-6, ಒಬ್ಬರು 9-5-1 (ಒಂದು ಸುತ್ತು ಸಮ), ಮೂವರೂ ಅಲಿಗೆ. ಆ ಇಬ್ಬರಲ್ಲಿ ಒಬ್ಬರು ಇವಾ ಶೇನ್, ಹೆವಿವೇಯ್ಟ್ ವಿಶ್ವ ಪಟ್ಟದ ಪಂದ್ಯಕ್ಕೆ ಕೂತ ಮೊದಲ ಮಹಿಳಾ ಜಡ್ಜ್.

ಆದರೆ ಆ ಪಂದ್ಯ ಶೇವರ್ಸ್ ಕೈಗೆ ಬಂದು ಜಾರಿದ್ದು ಎರಡನೇ ಸುತ್ತಿನಲ್ಲಿ. ಬಲಗೈ ದೊಡ್ಡದಾಗಿ ಬಿತ್ತು, ಅಲಿ ಕಾಲು ನಿಜವಾಗಲೂ ಹೋಗಿತ್ತು. ಆಗ ಅಲಿ ಮಾಡಿದ್ದು ನಾಟಕ. ಕಣ್ಣು ಅಗಲಿಸಿ, ಮೊಣಕಾಲು ಬೇಕಂತಲೇ ತೂರಾಡಿಸಿ, ಅಯ್ಯೋ ಬಿದ್ದೆ ಅನ್ನೋ ಹಂಗೆ ಅಣಕ ಮಾಡಿದ. ನಿಜವಾದ ತೂರಾಟದ ಮೇಲೆ ಸುಳ್ಳು ತೂರಾಟ ಹೊದಿಸಿಬಿಟ್ಟ! ಶೇವರ್ಸ್ ಇದು ಬಲೆ ಅಂದ್ಕೊಂಡು ನುಗ್ಗಲಿಲ್ಲ. ಅಲಿಗೆ ಬೇಕಿದ್ದಿದ್ದು ಇಪ್ಪತ್ತು ಸೆಕೆಂಡ್, ಸಿಕ್ತು.

ಎಡಗೈ ಮುಂದೆ
ಇನ್ನೊಂದು ಇದೆ. ಅವತ್ತು ಟಿವಿಯಲ್ಲಿ ಎನ್‌ಬಿಸಿ ಪ್ರತಿ ಸುತ್ತು ಮುಗಿದ ಮೇಲೆ ಜಡ್ಜ್‌ಗಳ ಅಂಕ ತೋರಿಸ್ತಿತ್ತು. ಅಲಿಯ ತರಬೇತುದಾರ ಏಂಜೆಲೋ ಡಂಡಿ ಟಿವಿ ನೋಡೋಕೆ ಅಂತಲೇ ಡ್ರೆಸಿಂಗ್ ರೂಮಿನಲ್ಲಿ ಒಬ್ಬರನ್ನ ಕೂರಿಸಿದ್ದ. ನಾವು ಎಷ್ಟು ಮುಂದಿದ್ದೀವಿ ಅಂತ ಅಲಿ ಮೂಲೆಗೆ (ರಿಂಗ್ ಪಕ್ಕ ಕೂರೋ ಅವನ ಕಡೆಯವರಿಗೆ) ಗೊತ್ತಿತ್ತು, ಯಾವ ಸುತ್ತು ಬಿಡಬಹುದು, ಯಾವುದಕ್ಕೆ ದಮ್ಮು ಉಳಿಸಬೇಕು ಅಂತ ಲೆಕ್ಕ ಹಾಕಿದ್ರು. ಶೇವರ್ಸ್ ಮೂಲೆಗೆ ಇದು ಹೊಳೆಯಲೇ ಇಲ್ಲ. ಪರೀಕ್ಷೆಯಲ್ಲಿ ಒಬ್ಬನಿಗೆ ಮಾತ್ರ ಅಂಕಪಟ್ಟಿ ತೋರಿಸಿದಂಗೆ.

ಗರಡಿ ಮಣ್ಣು
ಇಷ್ಟೆಲ್ಲಾ ಆದ್ರೂ 15ನೇ ಸುತ್ತಿನಲ್ಲಿ ಬೀಳೋ ಹಂಗಾಗಿದ್ದು ಶೇವರ್ಸೇ. 35 ವರ್ಷದ ಅಲಿ, ಹಿಂದಿನ ಸುತ್ತಲ್ಲಿ ತೂರಾಡಿದವನು, ಕೊನೇ ಸುತ್ತಿಗೆ ಎದ್ದು ಬಂದು ಹೊಡೆದ. ದಮ್ಮು ರೀ ದಮ್ಮು. ಶೇವರ್ಸ್‌ಗೆ ಇರಲಿಲ್ಲ.

ಎಡಗೈ ಮುಂದೆ
15 ಸುತ್ತು ಪೂರ್ತಿ ನಿಂತವನಿಗೆ ದಮ್ಮು ಇರಲಿಲ್ಲ ಅನ್ನೋದು ಅನ್ಯಾಯ. 13, 14ರಲ್ಲಿ ಹೊಡೆತ ಜಾಸ್ತಿ ಮಾಡಿದವನು ಅವನು.

ಲೆಕ್ಕದ ಮೇಷ್ಟ್ರು
ಗರಡಿಯವರ ಮಾತಲ್ಲಿ ಅರ್ಧ ಸತ್ಯ ಇದೆ. 1975 ಸೆಪ್ಟೆಂಬರ್‌ನಲ್ಲಿ ಡೆನ್ವರ್‌ನಲ್ಲಿ ರಾನ್ ಲೈಲ್‌ನನ್ನ ಎರಡನೇ ಸುತ್ತಿನಲ್ಲಿ ಕೆಡವಿದ, ಆರನೇ ಸುತ್ತಿನಲ್ಲಿ ತಾನೇ ಮಲಗಿದ. ದೊಡ್ಡ ಏಟಿಗೆ ಬೇಕಾದ ಸ್ನಾಯುಗಳು ಬೇಗ ಉರಿದು ಬೇಗ ಆರುತ್ತವೆ. ಅದರ ಮೇಲೆ, ತಪ್ಪಿದ ಏಟು ತಾಗಿದ ಏಟಿಗಿಂತ ಜಾಸ್ತಿ ಸುಸ್ತು ಮಾಡುತ್ತೆ. ಗಾಳಿಗೆ ಬೀಸಿದ ಕೈಯನ್ನ ನಿಲ್ಲಿಸಿ ವಾಪಸ್ ತರೋದು ನಿಮ್ಮದೇ ಬೆನ್ನು, ಹೆಗಲು. ಅಲಿ, ಹೋಮ್ಸ್, ಜಿಮ್ಮಿ ಯಂಗ್ ತರದವರು ಹೊಡೆಯದೇ ಸುಸ್ತು ಮಾಡಿದ್ದು ಹೀಗೇ.

ಹರಿಹರದ ಹೊಳೆ
ಜಿಮ್ಮಿ ಯಂಗ್ ಅಂದಿರಿ, ಅದು ಒಳ್ಳೇ ಅಳತೆಗೋಲು. 1973ರಲ್ಲಿ ಶೇವರ್ಸ್ ಅವನನ್ನ ಮೂರನೇ ಸುತ್ತಿನಲ್ಲಿ ಮುಗಿಸಿದ. ಮುಂದಿನ ವರ್ಷ ಮತ್ತೆ ಸಿಕ್ಕಾಗ ಡ್ರಾ. ಅಷ್ಟರಲ್ಲಿ ಯಂಗ್ ಕಲಿತಿದ್ದ, ಶೇವರ್ಸ್ ಅಲ್ಲೇ ಇದ್ದ. ಅದೇ ಯಂಗ್ 1977 ಮಾರ್ಚ್‌ನಲ್ಲಿ ಸಾನ್ ಹುವಾನ್‌ನಲ್ಲಿ ಫೋರ್‌ಮನ್‌ನನ್ನ 12 ಸುತ್ತು ಕುಣಿಸಿ ಸೋಲಿಸಿದ, ಫೋರ್‌ಮನ್ ಆಟವನ್ನೇ ಬಿಟ್ಟು ಹತ್ತು ವರ್ಷ ಮನೇಲಿ ಕೂತ.

ಫೋರ್‌ಮನ್ ವಾಪಸ್ ಬಂದಿದ್ದು ಬೇರೆ ಮನುಷ್ಯನಾಗಿ. ಬೀಸೋದು ಬಿಟ್ಟ. ಸುಮ್ಮನೆ ನಡ್ಕೊಂಡು ಬಂದು, ಜ್ಯಾಬ್ ಹಾಕಿ, ಕೈ ಅಡ್ಡ ಕಟ್ಟಿ ತಡೆದು, ಹತ್ತನೇ ಸುತ್ತಿನ ತನಕ ಏಟು ಉಳಿಸಿಕೊಳ್ಳೋದು ಕಲಿತ. 1994 ನವೆಂಬರ್ 5ಕ್ಕೆ ಮೈಕಲ್ ಮೂರರ್ ಹತ್ರ ಒಂಬತ್ತು ಸುತ್ತು ಹಿಂದೆ ಇದ್ದು, ಹತ್ತರಲ್ಲಿ ಒಂದು ಗಿಡ್ಡ ಬಲಗೈ. 45 ವರ್ಷಕ್ಕೆ ಪಟ್ಟ. ಅದು ಬೀಸಿದ ಏಟಲ್ಲ, ಇಟ್ಟ ಏಟು.

ಎಡಗೈ ಮುಂದೆ
ಹೊಳೆಯವರೇ, ಇದೊಂದು ಮಾತಿಗೆ ನನ್ನ ಬಣ ಅರ್ಧ ಸೋತಂಗೆ 🙏

ಪಿಜೆ ಬಡಾವಣೆ ಹುಡುಗ
ಹೋಮ್ಸ್ ಪಂದ್ಯದಲ್ಲಿ ಕೆಡವಿದ್ನಲ್ಲ, ಅದು?

ಹರಿಹರದ ಹೊಳೆ
ಎರಡು ಸಲ ಆಡಿದ್ದಾರೆ. ಮೊದಲನೇದು 1978 ಮಾರ್ಚ್, ಲಾಸ್ ವೇಗಸ್, 12 ಸುತ್ತು, ಹೆಚ್ಚುಕಮ್ಮಿ ಎಲ್ಲಾ ಸುತ್ತು ಹೋಮ್ಸ್‌ದು. ಎರಡನೇದು 1979 ಸೆಪ್ಟೆಂಬರ್ 28, ಡಬ್ಲ್ಯುಬಿಸಿ ಪಟ್ಟಕ್ಕೆ. ಏಳನೇ ಸುತ್ತಿನಲ್ಲಿ ಬಲಗೈ ಮೇಲಿಂದ ಬಂದು ಗದ್ದಕ್ಕೆ ಕೂತಿತು. ಹೋಮ್ಸ್ ಮರ ಉರುಳಿದಂಗೆ ಬೆನ್ನಡಿ ಬಿದ್ದ. ಅಂಥಾ ಬೀಳುವಿಕೆ ಬಿದ್ದವರು ಸಾಮಾನ್ಯವಾಗಿ ಏಳಲ್ಲ. ಇವನು ಎದ್ದ. ಎದ್ದು ಗಂಟೆ ಬಾರಿಸೋ ತನಕ ತಳ್ಳಿದ. ಹನ್ನೊಂದರಲ್ಲಿ ರೆಫ್ರಿ ಶೇವರ್ಸ್‌ನ ಉಳಿಸೋಕೆ ಪಂದ್ಯ ನಿಲ್ಲಿಸಿದರು.

ಕೆಡವಿದ ಮೇಲೆ ಶೇವರ್ಸ್ ಏನು ಮಾಡಿದ ಅನ್ನೋದನ್ನ ನೋಡಬೇಕು. ಮತ್ತೆ ಅದೇ ದೊಡ್ಡ ಬಲಗೈ, ತಲೆಗೇ, ಒಂದೊಂದೇ. ತೂರಾಡೋನು ತಲೆ ಅಲ್ಲಾಡಿಸ್ತಾನೇ ಇರ್ತಾನೆ, ಹೊಟ್ಟೆ ಅಲ್ಲಾಡಲ್ಲ. ಎರಡು ಎಡಗೈ ಹೊಟ್ಟೆಗೆ ಹೋಗಿದ್ರೆ ಕೈ ಕೆಳಗೆ ಬರ್ತಿತ್ತು. ಹೋಗಲಿಲ್ಲ.

ಗರಡಿ ಮಣ್ಣು
ಚಿತ್ ಮಾಡೋಕೆ ಒಂದೇ ಪಟ್ಟು ಕಲಿತ ಪೈಲ್ವಾನ. ಆ ಪಟ್ಟು ಬಿಡಿಸಿಕೊಂಡೋನ ಮುಂದೆ ಕಥೆ ಮುಗೀತು.

ಅಗಸನಕಟ್ಟೆ
ತೂಕ ಕಮ್ಮಿ ಇತ್ತಾ ಅವನಿಗೆ?

ಲೆಕ್ಕದ ಮೇಷ್ಟ್ರು
ಅಲಿ ವಿರುದ್ಧ 211 ಪೌಂಡ್, ಅಂದ್ರೆ 96 ಕೆಜಿ ಹತ್ರ. ಅಲಿ 225. ಈಗಿನ ಕಾಲ ಆಗಿದ್ರೆ ಡಬ್ಲ್ಯುಬಿಸಿ 2020ರಲ್ಲಿ ಶುರು ಮಾಡಿದ, ಹೆವಿವೇಯ್ಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬ್ರಿಡ್ಜರ್‌ವೇಯ್ಟ್‌ನಲ್ಲಿ ಆಡ್ತಿದ್ದ, ಅದರ ಮಿತಿ 224 ಪೌಂಡ್. 2020ರ ಫ್ಯೂರಿ 273 ಪೌಂಡ್ ಇದ್ದ. ಬ್ರಿಡ್ಜರ್‌ವೇಯ್ಟ್‌ನಲ್ಲಾದ್ರೆ ಶೇವರ್ಸ್‌ಗೆ ಪಟ್ಟ ಬಂದೇ ಬರ್ತಿತ್ತು ಅನ್ಸುತ್ತೆ, ಇದು ನನ್ನ ಅಂದಾಜು ಮಾತ್ರ.

ಮಂಡಕ್ಕಿ ಮಿರ್ಚಿ
ದಿನಾ ಎರಡು ಬೆಣ್ಣೆದೋಸೆ, ಬೆಣ್ಣೆ ಎಕ್ಸ್‌ಟ್ರಾ. ಆರು ತಿಂಗಳಿಗೆ 225.

ಕಟ್ಟು ಬಿಗಿ
ಜೋರಾಗಿ ಹೊಡೆಯೋರ ಕೆರಿಯರ್ ಮುಗಿಸೋ ಇನ್ನೆರಡು ವಿಷಯ ಯಾರೂ ಹೇಳಲಿಲ್ಲ: ಕೈ, ಕಣ್ಣು.

ಕಣ್ಣು ಮೊದಲು. ಶೇವರ್ಸ್‌ಗೆ ರೆಟಿನಾ (ಕಣ್ಣಿನ ಹಿಂಭಾಗದ ಒಳಪದರ) ಕಿತ್ತು ಬಂದು 80ರ ದಶಕದಲ್ಲಿ ಆಟ ನಿಲ್ಲಿಸಬೇಕಾಯ್ತು. ಇನ್ನೊಬ್ಬ ಭಾರೀ ಏಟುಗಾರ ಜೂಲಿಯನ್ ಜಾಕ್ಸನ್‌ಗೂ ರೆಟಿನಾದೇ ತೊಂದರೆ. 55 ಗೆಲುವಲ್ಲಿ 49 ನಾಕೌಟ್ ಅವನದ್ದು. 1990 ನವೆಂಬರ್‌ನಲ್ಲಿ ಹೆರೋಲ್ ಗ್ರಹಾಂ ಅವನ ಕಣ್ಣು ಮುಚ್ಚಿಸಿ, ಇನ್ನೇನು ಪಂದ್ಯ ನಿಲ್ಲಿಸ್ತಾರೆ ಅನ್ನುವಾಗ ನಾಲ್ಕನೇ ಸುತ್ತಿನಲ್ಲಿ ಒಂದೇ ಬಲಗೈ, ಗ್ರಹಾಂ ನೆಲ ಮುಟ್ಟೋ ಮುಂಚೆ ಪ್ರಜ್ಞೆ ಇರಲಿಲ್ಲ. ಕಣ್ಣ ಮುಂದೆ ಮಿಂಚು ಹುಳ ಹಾರಿದಂಗೆ, ಕಪ್ಪು ಚುಕ್ಕೆ ಮಳೆ ಬಂದಂಗೆ, ಒಂದು ಕಡೆಯಿಂದ ಪರದೆ ಇಳಿದಂಗೆ ಕಂಡ್ರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕಣ್ಣಿನ ಡಾಕ್ಟರ್.

ಕೈ ಎರಡನೇದು. ಜೋರು ಏಟಿಗೆ ಮೊದಲು ಮುರಿಯೋದು ಹೊಡೆದವನ ಕೈ. ಕಿರುಬೆರಳ ಗೆಣ್ಣಿನ ಕಡೆ ತಾಗಿಸಿದ್ರೆ ಅಂಗೈಯ ಆ ಸಣ್ಣ ಮೂಳೆ ಮುರಿಯುತ್ತೆ, ಬೀಸು ಹುಕ್‌ನಲ್ಲಿ ಆಗೋದೇ ಇದು. ತಾಗಬೇಕಾದ್ದು ತೋರುಬೆರಳು, ನಡುಬೆರಳ ಗೆಣ್ಣು, ಮಣಿಕಟ್ಟು ಮುಂಗೈಗೆ ನೇರ.

ಪಿಜೆ ಬಡಾವಣೆ ಹುಡುಗ
ಪಟ್ಟಿ ಸುತ್ತೋ ಕ್ರಮ ಹೇಳ್ತೀರಾ ಸರ್? ವಿಡಿಯೋ ಒಂದೊಂದು ಒಂದೊಂದು ತರ.

ಕಟ್ಟು ಬಿಗಿ
4.5 ಮೀಟರ್ ಪಟ್ಟಿ ತಗೋಳಿ, 2.5 ಮೀಟರ್‌ದು ದೊಡ್ಡವರಿಗೆ ಸಾಲಲ್ಲ. ಬೆರಳು ಪೂರ್ತಿ ಅಗಲಿಸಿ ಇಟ್ಟುಕೊಂಡೇ ಸುತ್ತಬೇಕು. ಬೆರಳು ಜೋಡಿಸಿಕೊಂಡು ಸುತ್ತಿದ್ರೆ ಮುಷ್ಟಿ ಹಿಡಿದಾಗ ಬಿಗಿದು ರಕ್ತ ನಿಲ್ಲುತ್ತೆ. ಕುಣಿಕೆ ಹೆಬ್ಬೆರಳಿಗೆ, ಪಟ್ಟಿ ಕೈಹಿಂಬದಿಯಿಂದ ಹೋಗಬೇಕು. ಮಣಿಕಟ್ಟಿಗೆ ಮೂರು ಸುತ್ತು, ಒಂದರ ಮೇಲೊಂದು ಅಲ್ಲ, ಅರ್ಧರ್ಧ ಸರಿಸಿ. ಅಲ್ಲಿಂದ ಕೈಹಿಂಬದಿ ಮೇಲೆ ಅಡ್ಡ ಬಂದು ಗೆಣ್ಣಿಗೆ ಮೂರು ಸುತ್ತು. ಆಮೇಲೆ ಕಿರುಬೆರಳು–ಉಂಗುರಬೆರಳ ಸಂದಿ, ಮತ್ತೆ ಮಣಿಕಟ್ಟು, ಹೀಗೆ ಮೂರೂ ಸಂದಿ ಮುಗಿಸಿ. ಹೆಬ್ಬೆರಳ ಬುಡಕ್ಕೆ ಒಂದು ಸುತ್ತು, ಉಳಿದಿದ್ದು ಗೆಣ್ಣಿಗೆ, ಕೊನೆ ಮಣಿಕಟ್ಟಿಗೆ.

ಮುಗಿದ ಮೇಲೆ ಮುಷ್ಟಿ ಹಿಡೀರಿ, ಗಟ್ಟಿ ಅನ್ನಿಸಬೇಕು. ಬಿಡ್ರಿ, ಸಡಿಲ ಆಗಬೇಕು. ಐದು ನಿಮಿಷಕ್ಕೆ ಉಗುರು ನೀಲಿ ಬಂದ್ರೆ ಬಿಚ್ಚಿ ಮತ್ತೆ ಸುತ್ತಿ. ಗೆಣ್ಣಿನ ಮೇಲೆ ದಪ್ಪ, ಮಣಿಕಟ್ಟಿಗೆ ತೆಳು ಮಾಡೋದು ಎಲ್ಲರ ತಪ್ಪು. ಗ್ಲೌಸ್ ಒಳಗೆ ಮೆತ್ತೆ ಇದೆ, ಗೆಣ್ಣು ಅದು ನೋಡಿಕೊಳ್ಳುತ್ತೆ, ಮಣಿಕಟ್ಟಿಗೆ ನೀವೇ ದಿಕ್ಕು. ಬ್ಯಾಗಿಗೆ 14 ಔನ್ಸ್, ಜೋಡಿದಾರನ ಜೊತೆ ಆಡೋಕೆ 16.

ಪ್ರೊಫೆಷನಲ್‌ನಲ್ಲಿ ಈ ಪಟ್ಟಿ ಇಲ್ಲ, ಗಾಜ್ ಬಟ್ಟೆ ಮತ್ತು ಟೇಪ್. ಗೆಣ್ಣಿನ ಮೇಲೆ ಟೇಪ್ ಬರೋ ಹಂಗಿಲ್ಲ, ಎದುರಾಳಿ ಕಡೆಯವರು ನಿಂತು ನೋಡ್ತಾರೆ, ಅಧಿಕಾರಿ ಸಹಿ ಹಾಕ್ತಾರೆ. ಗ್ಲೌಸ್ 147 ಪೌಂಡ್ ತನಕ 8 ಔನ್ಸ್, ಅದರ ಮೇಲೆ 10.

ಅಗಸನಕಟ್ಟೆ
ಅಲಿಗೂ ಆ ಪಂದ್ಯದಿಂದ ಪೆಟ್ಟಾಯ್ತು ಅಂತ ಕೇಳಿದ್ದೆ.

ಹರಿಹರದ ಹೊಳೆ
ಆಯ್ತು. ಪಂದ್ಯದ ನಂತರ ಮೂತ್ರಪಿಂಡ ಹಾಳಾಗ್ತಿರೋ ವರದಿ ನೋಡಿ ಅವನ ಡಾಕ್ಟರ್ ಫರ್ಡಿ ಪಚೆಕೋ ಇನ್ನು ಆಡಬೇಡ ಅಂತ ಕಾಗದ ಕಳಿಸಿದರು. ಉತ್ತರ ಬರಲಿಲ್ಲ, ಅವರು ತಂಡ ಬಿಟ್ಟರು. ಅಲಿ 1981ರ ತನಕ ಆಡಿದ. ಶೇವರ್ಸ್‌ನನ್ನ ಮೊದಲ ಸುತ್ತಲ್ಲಿ ಮಲಗಿಸಿದ ಕ್ವಾರಿ ಮಿದುಳು ಸವೆದು 53ಕ್ಕೆ ಹೋದ. ಶೇವರ್ಸ್ 78 ತುಂಬಿದ ಮರುದಿನ, 2022 ಸೆಪ್ಟೆಂಬರ್ 1ಕ್ಕೆ ತೀರಿಕೊಂಡ.

ಗರಡಿ ಮಣ್ಣು
ಸರಿ, ನನ್ನ ತೀರ್ಪು: ಕಾಲದ ತಪ್ಪು ನಾಲ್ಕಾಣೆ, ಅವನ ತಪ್ಪು ಹನ್ನೆರಡಾಣೆ.

ಎಡಗೈ ಮುಂದೆ
ಎಂಟಾಣೆ ಎಂಟಾಣೆ. ಅಲಿ ಮೂಲೆಯ ಟಿವಿಗೇ ನಾಲ್ಕಾಣೆ ಕೊಡಬೇಕು.

ಲೆಕ್ಕದ ಮೇಷ್ಟ್ರು
ಹೋಮ್ಸ್ ಎದ್ದು ನಿಂತಿದ್ದಕ್ಕೆ ಯಾರ ಲೆಕ್ಕದಲ್ಲಿ ಎಷ್ಟಾಣೆ ಹಾಕ್ತೀರಿ?

ದುರ್ಗದ ಒನಕೆ
ತಮ್ಮಾ, ಬಟ್ಟೆ ಚೂರು ಸಿಕ್ತಾ?

ಪಿಜೆ ಬಡಾವಣೆ ಹುಡುಗ
ಎರಡು ಮೂಟೆ ಸಿಕ್ತು ಅಣ್ಣಾ. ಗುಂಡಿ ಕತ್ತರಿಸ್ತಾ ಕೂತಿದ್ದೀವಿ. ಸ್ವೆಟರ್ ಚೂರು ಹಾಕಬಹುದಾ, ಉಂಡೆ ಆಗುತ್ತಾ?

ಕಟ್ಟು ಬಿಗಿ
ನಡುವೆ ಬೇಡ, ಉಣ್ಣೆ ಒತ್ತಿಕೊಂಡು ಕುಗ್ಗುತ್ತೆ. ಅಂಚಿಗೆ ಚೀಲದ ಒಳಗೋಡೆ ಸುತ್ತ ಒಂದು ಪದರ ಹಾಕಿ, ಗೆಣ್ಣಿಗೆ ಮೆತ್ತಗೆ ಇರುತ್ತೆ.